ಅಂಕೆಯೂ ಅಂಜಿಕೆಯೂ

ಕನ್ನಡದಲ್ಲಿ 'ಅಂಕೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಎಣಿಕೆಯ ಗುರುತು ಒಂದು, ಹತೋಟಿ ಮತ್ತೊಂದು. ಶಾಲೆಯ ಇತಿಹಾಸವನ್ನು ತೆಗೆದು ನೋಡಿದರೆ ಈ ಎರಡು ಅರ್ಥಗಳೂ ಬಹುಕಾಲ ಒಂದೇ ಕೋಣೆಯಲ್ಲಿ ವಾಸಮಾಡಿದಂತೆ ತೋರುವದು. ಆರು ವರ್ಷದ ಕೂಸು ಎಣಿಕೆಯನ್ನು ಅರಿಯದೆ ಶಾಲೆಗೆ ಬರುವದಿಲ್ಲ. ಗೋಲಿಗಳನ್ನು ಗೆಳೆಯರೊಡನೆ ಸರಿಯಾಗಿ ಹಂಚಿಕೊಳ್ಳಬಲ್ಲದು. ತನ್ನ ಪಾಲಿನ ರೊಟ್ಟಿ ತಮ್ಮನ ಪಾಲಿಗಿಂತ ಅರ್ಧ ಕಡಿಮೆಯಾದರೆ ಒಡನೆ ತಕರಾರು ಹೂಡಬಲ್ಲದು. ಅದೇ ಕೂಸು ಎರಡು ವರ್ಷ ಕಳೆಯುವಷ್ಟರಲ್ಲಿ, ಲೆಕ್ಕವೆಂಬ ಮಾತು ಕಿವಿಗೆ ಬಿದ್ದೊಡನೆ ತಲೆ ತಗ್ಗಿಸುವದು ಅನೇಕ ಮನೆಗಳವರು ಬಲ್ಲ ಸಂಗತಿ. ಈ ನಡುವೆ ನಡೆದುದೇನು? ವಿಷಯವೇ ಕಠಿಣವೆಂದು ಕೆಲವರೂ, ಹುಡುಗನೇ ಮಂದನೆಂದು ಕೆಲವರೂ ಹೇಳಿ ಸಮಾಧಾನ ಹೊಂದುವರು. ಆದರೆ ಮೂರನೆಯ ಕಾರಣವೊಂದುಂಟು. ಅದು ಕಲಿಸುವವರ ಮನಸ್ಸು. ಕಲಿಸುವವರು ಲೆಕ್ಕವನ್ನು ಪ್ರೀತಿಸುವರೋ, ಅದಕ್ಕೆ ಅಂಜುವರೋ ಎಂಬುದು ಎಳೆಯ ಮಗುವಿನ ಕಲಿಕೆಯನ್ನು ಬಹುಮಟ್ಟಿಗೆ ತಿದ್ದುವದು ಅಥವಾ ಕೆಡಿಸುವದು.

ಈ ಮಾತನ್ನು ಇತಿಹಾಸದ ಒರೆಗೆ ಹಚ್ಚಿ ನೋಡಲು ಕಲಬುರ್ಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸೀಮೆ ಬಹು ತಕ್ಕುದು. ಆಳಂದವು ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವದು. ಅಲ್ಲಿಂದ ಇಳಿದು ಬರುವ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವಳು. ಭೀಮೆಯ ತೆಂಕಣ ದಂಡೆಯಲ್ಲಿ ಜೇವರ್ಗಿಯಿದೆ. ಜೋಳ ತೊಗರಿಗಳ ಈ ಕರಿಯ ನೆಲವು ಗಣಿತದ ಬೋಧನೆಯ ಏರನ್ನೂ ಕಂಡಿದೆ, ಇಳಿತವನ್ನೂ ಕಂಡಿದೆ. ಸಂಖ್ಯೆಯ ಮೇಲಣ ಪ್ರೀತಿಯನ್ನು ಭಾರತಕ್ಕೆಲ್ಲ ಹಂಚಿದ ಒಬ್ಬ ಆಚಾರ್ಯನ ಹೆಸರು ಈ ಸೀಮೆಯ ನೆರೆಯಲ್ಲಿಯೇ ಹುಟ್ಟಿ ಬೆಳಗಿತು. ಸಂಖ್ಯೆಯ ಭಯವು ಮನೆಮನೆಗೆ ಹಬ್ಬಿದ ಕಾಲವೂ ಇಲ್ಲಿಯೇ ಬಂದಿತು.

ಮೊದಲು ಏರಿನ ಕಥೆ. ಈಗ ಸೇಡಂ ತಾಲೂಕಿನಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಕ್ರಿ. ಶ. ೮೧೪ರಿಂದ ೮೭೮ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಮೊದಲಲ್ಲಿ ಆ ದೊರೆಯನ್ನು ಕೊಂಡಾಡಿದನು. ಗಣಿತವನ್ನು ಜ್ಯೋತಿಷ್ಯದ ಕೈಗೆಲಸದವಳನ್ನಾಗಿ ಇಡದೆ, ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದ ಗ್ರಂಥವಿದು. ೧೯೧೨ರಲ್ಲಿ ಮದರಾಸಿನ ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಲೋಕದ ಪಂಡಿತರೆಲ್ಲರ ಕಣ್ಣಿಗೆ ಬಿದ್ದಿತು.

ಈ ಗ್ರಂಥದಲ್ಲಿ ಇತಿಹಾಸಕಾರರು ಸಾಮಾನ್ಯವಾಗಿ ಹೊಸ ಸೂತ್ರಗಳನ್ನು ಹುಡುಕುವರು. ಆದರೆ ಬೋಧಕನ ಮನಸ್ಸನ್ನು ಹುಡುಕುವವರಿಗೂ ಅದರಲ್ಲಿ ಬೇಕಾದಷ್ಟು ಸಿಗುವದು. ಆಚಾರ್ಯನು ಮೊದಲಿಗೆ ಗಣಿತದ ಉಪಯೋಗಗಳನ್ನು ಹೇಳುತ್ತ, ಲೌಕಿಕ ವೈದಿಕ ವ್ಯವಹಾರಗಳಲ್ಲದೆ ಸಂಗೀತ, ನಾಟಕ, ಅಡಿಗೆಯ ಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ, ತರ್ಕ, ವ್ಯಾಕರಣ ಇವೆಲ್ಲಕ್ಕೂ ಗಣಿತವೇ ಆಧಾರವೆಂದು ಹೊಗಳುವನು. ಇದು ವಿಷಯವನ್ನು ಒಪ್ಪಿಸಿ ಕೈತೊಳೆದುಕೊಳ್ಳುವವನ ದನಿಯಲ್ಲ. ತನಗೆ ಪ್ರಿಯವಾದುದನ್ನು ಶಿಷ್ಯನಿಗೆ ಪರಿಚಯಿಸುವವನ ದನಿ. ಮುಂದೆ ಬರುವ ಲೆಕ್ಕಗಳಲ್ಲಿ ಮಾವಿನ ಹಣ್ಣು, ದುಂಬಿಯ ಹಿಂಡು, ಆನೆ, ನವಿಲು, ಹರಿದು ಚೆಲ್ಲಿದ ಮುತ್ತಿನ ಹಾರಗಳು ಒಂದರ ಹಿಂದೊಂದು ಬರುವವು. ಶಿಷ್ಯನು ಭಿನ್ನರಾಶಿಯನ್ನು ಕಲಿಯುವ ಮೊದಲೇ ಮುತ್ತುಗಳನ್ನು ಹುಡುಕಲು ತೊಡಗಿರುವನು.

ಅದಕ್ಕಿಂತ ಸೊಗಸಾದುದು ಆತನು ಗುಣಾಕಾರದ ಪಾಠದಲ್ಲಿ ಇಟ್ಟ ಹಾರಸಂಖ್ಯೆಗಳು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧ ಬರುವದು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ಬರುವದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೊಂದೇ ಸಾಲು, ಕೊರಳಲ್ಲಿ ಹಾಕಿದ ಸರದಂತೆ. ವ್ಯಾಪಾರಕ್ಕಾಗಲಿ ಪಂಚಾಂಗಕ್ಕಾಗಲಿ ಇಂಥ ಲೆಕ್ಕಗಳಿಂದ ಬರುವ ಲಾಭವಿಲ್ಲ. ಬೇಸರದ ಗುಣಾಕಾರವನ್ನು ಮುಗಿಸಿದ ಶಿಷ್ಯನ ಮುಖದಲ್ಲಿ ಕೊನೆಯ ಗಳಿಗೆಯಲ್ಲಿ ನಗು ಮೂಡಲೆಂಬುದೊಂದೇ ಅವುಗಳ ಪ್ರಯೋಜನ. ಆ ನಗುವಿನ ಬೆಲೆಯನ್ನು ಬಲ್ಲ ಬೋಧಕನೊಬ್ಬನು ಸಾವಿರದ ನೂರು ವರ್ಷಗಳ ಹಿಂದೆಯೇ ಇದ್ದನೆಂಬುದನ್ನು ಮರೆಯಲಾಗದು.

ಗಣಕನಿಗೆ ಇರಬೇಕಾದ ಎಂಟು ಗುಣಗಳನ್ನೂ ಮಹಾವೀರನು ಎಣಿಸಿರುವನು: ಲಘುಕರಣ, ಊಹ, ಅಪೋಹ, ಅನಾಲಸ್ಯ, ಗ್ರಹಣ, ಧಾರಣ, ಉಪಾಯ, ವ್ಯಕ್ತಿಕರಾಂಕ. ಎಂದರೆ ಬೇಗನೆ ಮಾಡುವ ಬಗೆ, ಬೇಕಾದ ಫಲ ಬರುವದೋ ಎಂದು ಮುಂದಾಗಿ ಊಹಿಸುವದು, ಬರಲಾರದುದನ್ನು ತಳ್ಳಿಹಾಕುವದು, ಜಡತೆಯಿಲ್ಲದಿರುವದು, ತಿಳಿದುಕೊಳ್ಳುವದು, ನೆನಪಿನಲ್ಲಿಡುವದು, ಹೊಸ ದಾರಿಯನ್ನು ಕಾಣುವದು, ತಿಳಿಯದ ಸಂಖ್ಯೆಯನ್ನು ತಿಳಿಯಗೊಡುವದು. ಕಂಠಪಾಠಕ್ಕೆ ಈ ಎಂಟರಲ್ಲಿ ಒಂದೇ ಸ್ಥಾನ. ಉಳಿದ ಏಳೂ ಮನಸ್ಸಿನ ಸ್ವತಂತ್ರ ಚಲನೆಗೆ ಸೇರಿದವು. ಅಂಜಿದ ಮನಸ್ಸು ನೆನಪಿನಲ್ಲಿಟ್ಟುಕೊಳ್ಳಬಲ್ಲದು. ಊಹಿಸಲಾರದು, ಹೊಸ ಉಪಾಯವನ್ನು ಹುಡುಕಲಾರದು. ಈ ಭೇದವು ಮುಂದಿನ ಕಥೆಗೆಲ್ಲ ಕೀಲಿಕೈಯಾಗಿರುವದು.

ಆ ವಿದ್ಯೆಯ ವಾತಾವರಣವು ಮಾನ್ಯಖೇಟದ ಕೋಟೆಯೊಳಗೇ ನಿಲ್ಲಲಿಲ್ಲ. ಅಫಜಲಪುರದಿಂದ ಭೀಮೆಯನ್ನು ದಾಟಿದರೆ ಇಂಡಿ ತಾಲೂಕು; ಅಲ್ಲಿಯ ಸಾಲೋಟಗಿಯಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ೯೪೫ರ ಶಾಸನವು ಹೇಳುವದು. ಚಿತ್ತಾಪುರ ತಾಲೂಕಿನ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದ ಕಲಿಯುವ ೨೦೦ ಮಂದಿಗೂ ಶಾಸ್ತ್ರ ಕಲಿಯುವ ೫೨ ಮಂದಿಗೂ ಅನ್ನವಸತಿಗಳ ಏರ್ಪಾಡಾಗಿದ್ದಿತೆಂದು ೧೦೫೮ರ ಶಾಸನದಿಂದ ತಿಳಿಯುವದು. ಗ್ರಂಥಭಂಡಾರವನ್ನು ಕಾಯಲು ಆರು ಮಂದಿ ಭಂಡಾರಿಗರೂ ಇದ್ದರು. ೧೨ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದು ಗಣಿತಕ್ಕೆ ಕನ್ನಡದ ಬಾಗಿಲನ್ನು ತೆರೆದನು. ಆಳಂದಕ್ಕೆ ಸಮೀಪದ ಕಲ್ಯಾಣದಲ್ಲಿ ಬಸವಣ್ಣನವರು ಮೊದಲು ಕರಣಿಕರಾಗಿದ್ದರೆಂದು ಪರಂಪರೆಯು ಹೇಳುವದು; ಎಂದರೆ ಲೆಕ್ಕವಿಡುವ ಕೈಗೆ ಆಗ ಸಮಾಜದಲ್ಲಿ ಗೌರವವಿದ್ದಿತು.

ಆದರೆ ಈ ಸಂಪತ್ತನ್ನು ಕಂಡು ಮೈಮರೆಯಬಾರದು. ಘಟಿಕಾಸ್ಥಾನಗಳ ಬಾಗಿಲು ಕೆಲವರಿಗೆ ಮಾತ್ರ ತೆರೆದಿದ್ದಿತು. ಒಕ್ಕಲಿಗನ ಮಗನೂ ನೇಕಾರನ ಮಗನೂ ಕಲಿತ ಲೆಕ್ಕವು ಊರ ಮಠದ ಲೆಕ್ಕ. ಬಡಗಣ ಕರ್ನಾಟಕದಲ್ಲಿ ಇಂಥವನ್ನು ಐಗಳ ಮಠವೆಂದು ಕರೆಯುತ್ತಿದ್ದರು. ಮಕ್ಕಳು ಉಸುಕಿನ ಮೇಲೆ ಬೆರಳಿನಿಂದ ಅಕ್ಷರವನ್ನೂ ಅಂಕಿಗಳನ್ನೂ ತಿದ್ದಿ, ಸಂಜೆಯ ಹೊತ್ತು ಸಾಲಾಗಿ ನಿಂತು ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿಗಳೆಲ್ಲ ನಾಲಗೆಯ ತುದಿಯಲ್ಲಿರುತ್ತಿದ್ದವು. ಸಂತೆಯಲ್ಲಿ ನಿಂತು ಮೂರೂ ಮುಕ್ಕಾಲು ಸೇರು ತೊಗರಿಯ ಬೆಲೆಯನ್ನು ಕಾಗದ ಲೇಖಣಿಗಳಿಲ್ಲದೆ ಹೇಳುವ ಮುದುಕರು ಈ ಮಠಗಳ ಫಲ. ಆ ರಾಗದಲ್ಲಿ ಒಂದು ಬಗೆಯ ಆನಂದವೂ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು.

ಆ ಆನಂದದ ಬದಿಯಲ್ಲಿಯೇ ಬೆತ್ತವೂ ನಿಂತಿದ್ದಿತು. ಇದಕ್ಕೆ ನಿಚ್ಚಳವಾದ ಸಾಕ್ಷಿಯು ಕಲಬುರ್ಗಿಯ ಸೀಮೆಯಿಂದಲ್ಲ, ಅದರ ತೆಂಕಣಕ್ಕಿರುವ ಇನ್ನೊಂದು ಕನ್ನಡ ಸೀಮೆಯಾದ ಬಳ್ಳಾರಿಯಿಂದ ದೊರೆಯುವದು. ಆ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪಬೆಲ್ ಎಂಬವನು ೧೮೨೩ರಲ್ಲಿ ಊರ ಶಾಲೆಗಳನ್ನು ಕುರಿತು ಮದರಾಸ ಸರಕಾರಕ್ಕೆ ಒಂದು ವರದಿಯನ್ನು ಬರೆದು ಕಳಿಸಿದನು. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು. ಓದುವ ಮಕ್ಕಳು ೬,೬೪೧. ಅವರಲ್ಲಿ ಹೆಣ್ಣುಮಕ್ಕಳು ೬೦ ಮಾತ್ರ.

ಮುಂಜಾವಿನಲ್ಲಿ ಶಾಲೆ ಕೂಡುವ ರೀತಿಯನ್ನು ಕ್ಯಾಂಪಬೆಲ್ಲನು ಬಣ್ಣಿಸಿರುವದು ಲಕ್ಷ್ಯಕ್ಕೆ ತಕ್ಕುದು. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವದ ಕುರುಹಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯ ಮೇಲೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಹೆಚ್ಚು. ಈ ಕ್ರಮದಿಂದ ಎಣಿಸಿದರೆ ಇಪ್ಪತ್ತನೆಯವನಾಗಿ ಬಂದ ಹುಡುಗನ ಪಾಲಿಗೆ ಹದಿನೆಂಟು ಏಟು. ಎಳೆಯ ಮಗು ಮನಸ್ಸಿಟ್ಟು ಮಾಡಿದ ಮೊದಲನೆಯ ಸಂಕಲಿತವು ತನಗೆ ಬರಲಿರುವ ಏಟುಗಳ ಲೆಕ್ಕವೇ ಆಗಿದ್ದರೆ ಆಶ್ಚರ್ಯವಿಲ್ಲ. ಸೊನ್ನೆಯನ್ನು ಲೋಕಕ್ಕೆ ಕೊಟ್ಟ ದೇಶದಲ್ಲಿ ಅದೇ ಸೊನ್ನೆಯು ಮಗುವಿನ ಅಂಗೈಯ ಮೇಲೆ 'ನೀನು ಏನೂ ಅಲ್ಲ' ಎಂಬುದರ ಗುರುತಾಯಿತು.

ಮಠದ ಐಗಳನ್ನು ಕ್ರೂರಿಯೆಂದು ಬೈಯುವದು ಸುಲಭ; ಅದು ನ್ಯಾಯವಲ್ಲ. ಆತನೂ ಇಂಥದೇ ಬೆತ್ತದ ಕೆಳಗೆ ಕಲಿತವನು. ಮಗ್ಗಿಯನ್ನು ಆತನು ಬಲ್ಲನು. ಅದು ಏಕೆ ಹಾಗಿದೆಯೆಂಬುದನ್ನು ಆತನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಿಷ್ಯನು 'ಏಕೆ' ಎಂದು ಕೇಳಿದಾಗ ಉತ್ತರವಿಲ್ಲದ ಗುರುವಿಗೆ ಉಳಿಯುವ ದಾರಿ ಒಂದೇ. ಪ್ರಶ್ನೆಯನ್ನು ಬಾಯೊಳಗೇ ಅಡಗಿಸುವದು. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂಬ ಗಾದೆಯು ಗುರುವಿನ ಬಲವನ್ನು ಸಾರುವದೆಂದು ಜನರು ತಿಳಿದರು. ನಿಜವಾಗಿ ಅದು ಗುರುವಿನ ಅಂಜಿಕೆಯನ್ನು ಮುಚ್ಚುವ ಮಾತು.

ಮುಂದೆ ಬಂದ ಕಾಲವು ಈ ಸೀಮೆಯ ಬೋಧಕರ ಎದೆಯಲ್ಲಿ ಇನ್ನೊಂದು ಅಳುಕನ್ನು ಹುಟ್ಟಿಸಿತು. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ರಾಜ್ಯದೊಳಗಿದ್ದವು. ಭೀಮೆಯ ಆಚೆಯ ಇಂಡಿ, ಸಿಂದಗಿಗಳು ಮುಂಬಯಿ ಇಲಾಖೆಯಲ್ಲಿದ್ದವು. ಆಚೆಯ ಸೀಮೆಯಲ್ಲಿ ೧೯ನೆಯ ಶತಮಾನದ ನಡುವಿನಿಂದ ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಬೇರೂರಿದವು. ಈಚೆಯಲ್ಲಿ ೧೮೮೦ರ ದಶಕದಿಂದ ಉರ್ದುವು ರಾಜ್ಯಭಾಷೆಯಾಯಿತು. ಮೇಲಿನ ತರಗತಿಗಳಲ್ಲಿ ಅದೇ ಬೋಧನೆಯ ಭಾಷೆಯೂ ಆಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಗಣಿತವನ್ನೂ ಉರ್ದುವಿನಲ್ಲಿಯೇ ಕಲಿಸಿ, ದೇಶಭಾಷೆಯೊಂದು ಶಾಸ್ತ್ರಕ್ಕೆ ಸಾಕಾಗಬಲ್ಲದೆಂದು ತೋರಿಸಿತು. ಇದು ಹಿರಿದಾದ ಸಾಹಸವೇ ಸರಿ. ಉರ್ದು ಮನೆಮಾತಾದ ಮಕ್ಕಳಿಗೆ ಅದು ವರವಾಯಿತು; ಕನ್ನಡ ಮಕ್ಕಳಿಗೆ ಮಾತ್ರ ಅದು ಪರಭಾಷೆ.

ಒಂದೇ ಕೂಡಿಸುವಿಕೆಗೆ ಮಗುವಿನ ಕಿವಿಯ ಮೇಲೆ ಎಷ್ಟು ಹೆಸರುಗಳು ಬಿದ್ದವೆಂಬುದನ್ನು ನೋಡಿರಿ. ಮನೆಯಲ್ಲಿ ಅದು 'ಕೂಡಿಸು', ಹಳೆಯ ಗ್ರಂಥದಲ್ಲಿ 'ಸಂಕಲಿತ', ಆಳಂದದ ಮರಾಠಿ ನೆರೆಯಲ್ಲಿ 'ಬೇರೀಜು', ಶಾಲೆಯಲ್ಲಿ 'ಜಮಾ'. ಕಳೆಯುವದು 'ತಫ್ರೀಖ', ಗುಣಿಸುವದು 'ಜರ್ಬ', ಭಾಗಿಸುವದು 'ತಕ್ಸೀಮ'. ಸಂತೆಯ ಜನರು 'ಜಮಾ', 'ಖರ್ಚು', 'ಬಾಕಿ', 'ಹಿಸಾಬು'ಗಳನ್ನು ಯಾವ ಅಳುಕೂ ಇಲ್ಲದೆ ತಮ್ಮ ಕನ್ನಡದೊಳಗೆ ಸೇರಿಸಿಕೊಂಡರು. ಅವು ಇಂದಿಗೂ ಉಳಿದಿರುವವು. ಹೀಗಿರಲು ಶಬ್ದವು ಅನ್ಯವೆಂಬುದೊಂದೇ ಭಯದ ಕಾರಣವಲ್ಲ. ಸಂತೆಯಲ್ಲಿ ಶಬ್ದದ ಹಿಂದೆ ಕೈಗೆ ಸಿಗುವ ತೊಗರಿಯ ರಾಶಿಯಿದ್ದಿತು. ಶಾಲೆಯಲ್ಲಿ ಶಬ್ದದ ಹಿಂದೆ ಪರೀಕ್ಷೆಯ ಅಧಿಕಾರಿಯು ಮಾತ್ರ ಇದ್ದನು.

೧೯೪೮ರ ಸಪ್ಟಂಬರ ೧೭ರಂದು ನಿಜಾಮರ ಆಳಿಕೆ ಮುಗಿಯಿತು. ಅಲ್ಲಿಂದ ಮುಂದಿನ ಹದಿನೈದು ವರ್ಷಗಳಲ್ಲಿ ಈ ಮೂರು ತಾಲೂಕುಗಳ ಪ್ರಾಥಮಿಕ ಶಾಲೆಯ ಉಪಾಧ್ಯಾಯನು ದಾಟಿದ ಹೊಳೆಗಳನ್ನು ಎಣಿಸಿ ನೋಡಬೇಕು. ಉರ್ದುವಿನಲ್ಲಿ ಕಲಿತ ಲೆಕ್ಕವನ್ನು ಕನ್ನಡದಲ್ಲಿ ಕಲಿಸಬೇಕಾಯಿತು. ೧೯೫೬ರ ನವಂಬರ ೧ರಂದು ರಾಜ್ಯವೇ ಬದಲಾಗಿ ಮೈಸೂರಿನ ಆಡಳಿತ ಬಂದಿತು. ೧೯೫೭ರ ಏಪ್ರಿಲ ೧ರಿಂದ ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯ ರೂಪಾಯಿಯಾಯಿತು. ನಿಜಾಮರ ಹಾಲಿ ಸಿಕ್ಕವು ೧೯೫೯ರ ಹೊತ್ತಿಗೆ ಚಲಾವಣೆಯಿಂದ ಮರೆಯಾಯಿತು. ಬಳಿಕ ಸೇರು ಮಣಗಳು ಹೋಗಿ ಕಿಲೋಗ್ರಾಮು ಬಂದಿತು. ಗಜವು ಹೋಗಿ ಮೀಟರು ಬಂದಿತು.

ದಶಮಾನದ ಪದ್ಧತಿಯು ಸರಳವೂ ಹಿತವೂ ಆದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಾಲು ಮಗ್ಗಿ, ಅರೆ ಮಗ್ಗಿಗಳಲ್ಲಿ ಪ್ರವೀಣನಾಗಿದ್ದ ಉಪಾಧ್ಯಾಯನ ವಿದ್ಯೆಯು ಒಂದೇ ದಶಕದಲ್ಲಿ ಹಳೆಯ ನಾಣ್ಯದಂತೆ ಸವೆದುಹೋಯಿತು. ರೂಪಾಯಿಯ ಕಾಲು ಭಾಗವು ನಾಲ್ಕಾಣೆಯೆಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ದಶಾಂಶದ ಬಿಂದುವಿನ ಮುಂದೆ ತಡವರಿಸಿದನು. ನಿನ್ನೆಯ ವರೆಗೆ ಊರಿಗೆ ಲೆಕ್ಕ ಹೇಳಿದವನು ಇಂದು ತಾನೇ ವಿದ್ಯಾರ್ಥಿಯಾಗಬೇಕಾಯಿತು. ಆದರೆ ಆತನು ಕುಳಿತು ಕಲಿಯಲು ಯಾರೂ ಹಲಗೆಯನ್ನು ಹಾಸಲಿಲ್ಲ. ಬೋಧಕನ ಅಂಜಿಕೆಯು ಆತನ ಸ್ವಭಾವದ ದೋಷವಲ್ಲ, ಇತಿಹಾಸವು ಆತನ ತಲೆಯ ಮೇಲೆ ಹೊರಿಸಿದ ಭಾರವೆಂಬುದು ಇಲ್ಲಿ ಸ್ಪಷ್ಟವಾಗುವದು.

ಈ ಅಂಜಿಕೆಗೆ ವಿದ್ವಾಂಸರು ಹೆಸರಿಟ್ಟು ಅಳೆಯಲು ತೊಡಗಿದುದು ೨೦ನೆಯ ಶತಮಾನದ ಉತ್ತರಾರ್ಧದಲ್ಲಿ. ೧೯೫೪ರಲ್ಲಿ ಅಮೇರಿಕೆಯ ಮೇರಿ ಗಫ್ ಎಂಬ ಶಿಕ್ಷಕಿಯು ಗಣಿತದ ಭಯವನ್ನು ಒಂದು ಬೇನೆಯೆಂದು ಕುರಿತು ಬರೆದಳು. ೧೯೭೨ರಲ್ಲಿ ರಿಚರ್ಡಸನ್ ಮತ್ತು ಸುಇನ್ ಎಂಬವರು ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಕಟ್ಟಿದರು. ಭಯವು ಬುದ್ಧಿಯನ್ನು ಹೇಗೆ ಕೆಡಿಸುವದೆಂಬುದನ್ನು ಮುಂದಿನ ಶೋಧಗಳು ತಿಳಿಸಿದವು. ಮನಸ್ಸಿನಲ್ಲಿ ಲೆಕ್ಕವನ್ನು ಹಿಡಿದಿಡುವ ಸ್ಥಳವು ಸಣ್ಣದೊಂದು ಪಾಟಿಯಂತೆ. ಅದರ ಅರ್ಧವನ್ನು 'ತಪ್ಪಿದರೆ ಏನು ಗತಿ' ಎಂಬ ಚಿಂತೆಯೇ ತುಂಬಿದರೆ ಲೆಕ್ಕಕ್ಕೆ ಉಳಿಯುವದು ಉಳಿದರ್ಧ ಮಾತ್ರ. ಆದ್ದರಿಂದ ಅಂಜಿದ ಮಗುವು ಬಲ್ಲುದನ್ನೂ ತಪ್ಪುವದು. ತಪ್ಪಿದ್ದರಿಂದ ಇನ್ನಷ್ಟು ಅಂಜುವದು.

ಬೋಧಕರ ಭಯವು ಮಕ್ಕಳಿಗೆ ಅಂಟುವದೆಂಬುದನ್ನು ತೋರಿಸಿದ ಶೋಧವು ೨೦೧೦ರಲ್ಲಿ ಪ್ರಕಟವಾಯಿತು. ಸಿಯಾನ್ ಬೈಲಾಕ್, ಸೂಸನ್ ಲೆವಿನ್ ಮೊದಲಾದವರು ಅಮೇರಿಕೆಯಲ್ಲಿ ಮೊದಲನೆಯ ಎರಡನೆಯ ತರಗತಿಗಳ ೧೭ ಮಂದಿ ಶಿಕ್ಷಕಿಯರನ್ನೂ, ಅವರ ಬಳಿ ಕಲಿಯುವ ೫೨ ಹುಡುಗರನ್ನೂ ೬೫ ಹುಡುಗಿಯರನ್ನೂ ಒಂದು ವರ್ಷ ಪರೀಕ್ಷಿಸಿದರು. ವರ್ಷದ ಮೊದಲಲ್ಲಿ ಶಿಕ್ಷಕಿಯ ಭಯಕ್ಕೂ ಮಕ್ಕಳ ಗಣಿತಕ್ಕೂ ಸಂಬಂಧವೇ ಕಾಣಲಿಲ್ಲ. ವರ್ಷದ ಕೊನೆಯಲ್ಲಿ ಕಂಡಿತು. ಶಿಕ್ಷಕಿಯು ಗಣಿತಕ್ಕೆ ಎಷ್ಟು ಅಂಜುವಳೋ, ಅಷ್ಟು ಹೆಚ್ಚಾಗಿ ಆಕೆಯ ತರಗತಿಯ ಹುಡುಗಿಯರು 'ಗಂಡುಮಕ್ಕಳು ಲೆಕ್ಕದಲ್ಲಿ ಜಾಣರು, ಹೆಣ್ಣುಮಕ್ಕಳು ಓದಿನಲ್ಲಿ ಜಾಣರು' ಎಂಬ ಮಾತನ್ನು ನಂಬಿದ್ದರು. ಹಾಗೆ ನಂಬಿದ ಹುಡುಗಿಯರೇ ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಹುಡುಗರ ಮೇಲೆ ಆ ಪರಿಣಾಮವಾಗಲಿಲ್ಲ.

ಇದನ್ನು ಓದಿ ಹೆಣ್ಣುಮಕ್ಕಳು ಗಣಿತ ಕಲಿಸಲಾರರೆಂದು ತಿಳಿಯುವದು ವಿಪರೀತಾರ್ಥ. ಆ ದೇಶದ ಕೆಳಗಿನ ತರಗತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕಲಿಸುವವರು ಸ್ತ್ರೀಯರೇ ಆದುದರಿಂದ ಅವರನ್ನೇ ಪರೀಕ್ಷಿಸಲಾಯಿತು. ಹದಿನೇಳು ತರಗತಿಗಳಿಂದ ಲೋಕವನ್ನೆಲ್ಲ ಅಳೆಯಲೂ ಬಾರದು. ಆದರೆ ಅದು ತೋರಿಸಿದ ಮಾರ್ಗವು ಸಹಜವಾದುದು: ಎಳೆಯ ಹುಡುಗಿಯು ತನ್ನಂಥವಳಾದ ಹಿರಿಯಳನ್ನು ನೋಡಿ ತಾನೇನಾಗಬಲ್ಲೆನೆಂಬುದನ್ನು ಕಲಿಯುವಳು. ಅಂಜದ ಶಿಕ್ಷಕಿಯನ್ನು ಕಂಡ ಹುಡುಗಿಯು ಅದೇ ಕಣ್ಣಿನಿಂದ ಧೈರ್ಯವನ್ನೂ ಕಲಿಯುವಳೆಂದು ನಿರೀಕ್ಷಿಸಬಹುದು.

ಕಲಬುರ್ಗಿಯ ಸೀಮೆಗೆ ಈ ಮಾತು ಎಷ್ಟು ಹತ್ತಿರದ್ದೆಂಬುದನ್ನು ಜನಗಣತಿಯಿಂದ ತಿಳಿಯಬಹುದು. ೨೦೧೧ರಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ ೭೫.೩೬ ಇದ್ದಾಗ ಈ ಜಿಲ್ಲೆಯದು ೬೪.೮೫ ಇದ್ದಿತು, ಗಂಡಸರಲ್ಲಿ ೭೪.೩೮, ಹೆಂಗಸರಲ್ಲಿ ೫೫.೦೯. ಎಂದರೆ ಭೀಮೆಯ ದಂಡೆಯ ಹಳ್ಳಿಗಳ ಎಷ್ಟೋ ಹುಡುಗಿಯರಿಗೆ ಅಕ್ಷರ ಬಲ್ಲ ತಾಯಿ ಮನೆಯಲ್ಲಿಲ್ಲ. ಅಂಕಿಗಳನ್ನು ಬರೆದು ತೋರಿಸುವ ಮೊದಲನೆಯ ಹೆಂಗಸು ಶಾಲೆಯ ಅಕ್ಕೋರೇ. ಆಕೆಯ ಮುಖದಲ್ಲಿ ಭಯವಿದ್ದರೆ ಆ ಹುಡುಗಿಗೆ ಬೇರೆ ಕನ್ನಡಿಯಿಲ್ಲ. ೧೮೨೩ರ ಬಳ್ಳಾರಿಯಲ್ಲಿ ೬೦ ಹುಡುಗಿಯರಿಗೆ ಮಾತ್ರ ತೆರೆದಿದ್ದ ಬಾಗಿಲು ಇಂದು ಎಲ್ಲರಿಗೂ ತೆರೆದಿದೆ. ಒಳಗೆ ಬಂದವಳ ಅಂಗೈಯ ಮೇಲೆ ಏನನ್ನು ಬರೆಯುವರೆಂಬುದೇ ಈಗಿನ ಪ್ರಶ್ನೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದರ ಗ್ರಂಥಾಲಯದ ವರೆಗೆ ಸುತ್ತಣ ಹಳ್ಳಿಯ ಹುಡುಗಿಯು ನಡೆದು ಹೋಗುವಳೋ ಇಲ್ಲವೋ ಎಂಬುದು ಎರಡನೆಯ ತರಗತಿಯ ಲೆಕ್ಕದ ಗಂಟೆಯಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗುವದು.

ಅಂಜಿದ ಬೋಧಕರ ತರಗತಿಯಲ್ಲಿ ನಡೆಯುವದೇನೆಂಬುದಕ್ಕೆ ಒಂದೇ ಲೆಕ್ಕ ಸಾಕು. ೫೨ರಲ್ಲಿ ೨೭ನ್ನು ಕಳೆಯಬೇಕಾಗಿದೆ. ಮಗುವು ೩೫ ಎಂದು ಬರೆಯುವದು. ಬೋಧಕರು ಅಂಜುವವರಾದರೆ ಕೆಂಪು ಗೆರೆಯನ್ನೆಳೆದು, 'ಎರಡರಲ್ಲಿ ಏಳು ಹೋಗದು, ಪಕ್ಕದಿಂದ ಸಾಲ ತಾ' ಎಂಬ ಸೂತ್ರವನ್ನು ಇನ್ನೊಮ್ಮೆ ಒಪ್ಪಿಸಿ ಮುಂದೆ ಹೋಗುವರು. ಏಕೆಂದರೆ ಸೂತ್ರದ ಹೊರಗೆ ಕಾಲಿಡಲು ಅವರಿಗೇ ಧೈರ್ಯವಿಲ್ಲ. ಲೆಕ್ಕವನ್ನು ಪ್ರೀತಿಸುವವರಾದರೆ ಮೊದಲು 'ಇದು ಹೇಗೆ ಬಂದಿತು?' ಎಂದು ಕೇಳುವರು. ಆಗ ಮಗುವು ಐದರಲ್ಲಿ ಎರಡನ್ನೂ, ಏಳರಲ್ಲಿ ಎರಡನ್ನೂ ಕಳೆದಿದೆಯೆಂಬುದು ತಿಳಿಯುವದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂಬ ಒಳ್ಳೆಯ ನಿಯಮವನ್ನೇ ಅದು ತಪ್ಪಾದ ಸ್ಥಳದಲ್ಲಿ ಬಳಸಿದೆ. ಹತ್ತು ಹತ್ತು ಜೋಳದ ದಂಟುಗಳ ಐದು ಕಟ್ಟುಗಳನ್ನೂ ಎರಡು ಬಿಡಿ ದಂಟುಗಳನ್ನೂ ಮುಂದಿಟ್ಟರೆ, ಏಳನ್ನು ಕೊಡಲು ಒಂದು ಕಟ್ಟನ್ನು ಬಿಚ್ಚಬೇಕೆಂಬುದನ್ನು ಮಗುವೇ ಕಂಡುಕೊಳ್ಳುವದು. ಉಳಿಯುವದು ಎರಡು ಕಟ್ಟು, ಐದು ಬಿಡಿ, ಇಪ್ಪತ್ತೈದು. ಮೊದಲನೆಯ ಮಗುವು ಸಾಲವನ್ನು ಕಲಿಯಿತು, ಎರಡನೆಯದು ಗಣಿತವನ್ನು ಕಲಿಯಿತು.

ಇಂಥ ಪ್ರೀತಿಯು ರಾಜಾಸ್ಥಾನದ ಆಚಾರ್ಯರಿಗೇ ಮೀಸಲೆಂದು ತಿಳಿಯಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದ ದೇವಳಾಲಿಯಲ್ಲಿ ಡಿ. ಆರ್. ಕಾಪ್ರೇಕರರು ೧೯೩೦ರಿಂದ ೧೯೬೨ರ ವರೆಗೆ ಸಾಮಾನ್ಯ ಶಾಲೆಯ ಶಿಕ್ಷಕರಾಗಿದ್ದರು. ಉಚ್ಚ ಪದವಿಯಿಲ್ಲದ ಅವರು ಸಂಖ್ಯೆಗಳೊಡನೆ ಆಡುತ್ತಾಡುತ್ತ ೬೧೭೪ ಎಂಬ ಸಂಖ್ಯೆಯ ವಿಚಿತ್ರವನ್ನು ಕಂಡುಹಿಡಿದರು. ಅದರ ಅಂಕಿಗಳನ್ನು ಇಳಿಕೆಯಲ್ಲಿ ಬರೆದರೆ ೭೬೪೧, ಏರಿಕೆಯಲ್ಲಿ ಬರೆದರೆ ೧೪೬೭; ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮತ್ತೆ ೬೧೭೪ ಬರುವದು. ಎಲ್ಲ ಅಂಕಿಗಳೂ ಒಂದೇ ಅಲ್ಲದ ಯಾವ ನಾಲ್ಕಂಕಿಯ ಸಂಖ್ಯೆಯಿಂದ ಹೊರಟರೂ ಈ ಬಗೆಯಾಗಿ ಕಳೆಯುತ್ತ ಹೋದರೆ ಏಳು ಹೆಜ್ಜೆಗಳೊಳಗೆ ಅದೇ ಮನೆಗೆ ಬಂದು ಮುಟ್ಟುವದು. ಮಹಾವೀರನ ಹಾರಸಂಖ್ಯೆಗಳಿಗೂ ಇದಕ್ಕೂ ಸಾವಿರ ವರ್ಷಗಳ ಅಂತರವಿದ್ದರೂ ಸಂತೋಷವು ಒಂದೇ. ಮೂರನೆಯ ತರಗತಿಯ ಮಗುವಿಗೆ ತಿಳಿದ ಕಳೆಯುವ ಲೆಕ್ಕವೇ ಇದಕ್ಕೆ ಸಾಕು.

ಸರಕಾರವೂ ಸಮಾಜವೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿರುವವು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿಯು ಮುಂದೆ ರಾಜ್ಯದ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಅದನ್ನು ಕಟ್ಟುವದರಲ್ಲಿ ಉಪಾಧ್ಯಾಯರೇ ಮುಂದಾಗಿದ್ದರೆಂಬುದು ಅದರ ವಿಶೇಷ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿಗಾಗಿ ಗಣಿತವನ್ನು ವಿಚಾರಿಸಿದ ಪಂಡಿತರ ಸಮಿತಿಯು ಬಹುಪಾಲು ಮಕ್ಕಳಲ್ಲಿರುವ ಭಯವನ್ನೂ ಸೋಲಿನ ಭಾವವನ್ನೂ ಮೊದಲನೆಯ ತೊಡಕೆಂದು ಎಣಿಸಿ, ಬೋಧಕರಿಗೆ ತಕ್ಕ ಸಿದ್ಧತೆಯೂ ಆಸರೆಯೂ ಇಲ್ಲದಿರುವದನ್ನೂ ಅದರೊಡನೆ ಹೇಳಿತು. ೨೦೧೦ರ ಏಪ್ರಿಲ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಹೊಡೆತವನ್ನೂ ಮಾನಸಿಕ ಪೀಡೆಯನ್ನೂ ನಿಷೇಧಿಸಿತು. ೨೦೧೦ರ ದಶಕದಲ್ಲಿ ಅಕ್ಷರ ಫೌಂಡೇಶನ್ನಿನವರ ಗಣಿತ ಕಲಿಕಾ ಆಂದೋಲನವು ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳ ೪ನೆಯ ೫ನೆಯ ತರಗತಿಗಳಿಗೆ ಮುಟ್ಟಿ ನೋಡಬಹುದಾದ ಉಪಕರಣಗಳ ಪೆಟ್ಟಿಗೆಯನ್ನು ತಂದಿತು. ಗ್ರಾಮ ಪಂಚಾಯತಿಗಳಲ್ಲಿ ಗಣಿತದ ಸ್ಪರ್ಧೆಗಳು ನಡೆದು ತಾಯಿತಂದೆಗಳು ಕುಳಿತು ನೋಡುವಂತಾಯಿತು.

ಇವೆಲ್ಲ ಸ್ತುತ್ಯವೇ. ಆದರೂ ಕಾಯಿದೆಯು ಕೈಯ ಬೆತ್ತವನ್ನು ಕಸಿದುಕೊಳ್ಳಬಲ್ಲದು, ಎದೆಯ ಅಳುಕನ್ನು ಕಸಿದುಕೊಳ್ಳಲಾರದು. ಪೆಟ್ಟಿಗೆಯನ್ನು ತೆರೆದರೆ ತನಗೆ ತಿಳಿಯದ ಪ್ರಶ್ನೆ ಬಂದೀತೆಂದು ಹೆದರುವ ಬೋಧಕರ ಶಾಲೆಯಲ್ಲಿ ಪೆಟ್ಟಿಗೆಯು ಕಪಾಟಿನಲ್ಲಿಯೇ ಉಳಿಯುವದು. ಉಪಾಧ್ಯಾಯರ ತರಬೇತಿಯೆಂದರೆ ಹೊಸ ಸುತ್ತೋಲೆಯನ್ನು ಓದಿ ಹೇಳುವದಲ್ಲ. ತಮ್ಮ ಬಾಲ್ಯದಲ್ಲಿ ಲೆಕ್ಕವು ಎಲ್ಲಿ ಕೈಬಿಟ್ಟಿತೋ ಅಲ್ಲಿಗೆ ಹಿಂದಿರುಗಿ, ನಾಚಿಕೆಯಿಲ್ಲದೆ 'ಇದು ನನಗೆ ತಿಳಿಯದು' ಎಂದು ಹೇಳಿ, ಮತ್ತೆ ಕಲಿಯಲು ಅವರಿಗೆ ಕಾಲವೂ ಸ್ಥಳವೂ ಬೇಕು. ೧೯೫೭ರಲ್ಲಿ ಹಾಸದೆ ಹೋದ ಹಲಗೆಯನ್ನು ಈಗಲಾದರೂ ಹಾಸಬೇಕು.

ಮನೆಗಳವರಿಗೂ ಇದರಲ್ಲಿ ಪಾಲುಂಟು. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಅಮೇರಿಕದ ಶೋಧದಲ್ಲಿ, ಗಣಿತಕ್ಕೆ ಅಂಜುವ ತಾಯಿತಂದೆಗಳು ಮೇಲಿಂದ ಮೇಲೆ ಮನೆಯ ಪಾಠಕ್ಕೆ ನೆರವಾದಲ್ಲಿ ಮಕ್ಕಳ ಕಲಿಕೆ ಕುಗ್ಗಿ ಭಯ ಹೆಚ್ಚಿದುದು ಕಂಡುಬಂದಿತು. ಸುಶಿಕ್ಷಿತರ ಮನೆಗಳಲ್ಲಿ 'ನನಗೂ ಲೆಕ್ಕ ಬರುತ್ತಿರಲಿಲ್ಲ' ಎಂದು ನಗುತ್ತ ಹೇಳುವದು ಒಂದು ರೂಢಿ. ಓದಲು ಬರೆಯಲು ಬಾರದೆಂದು ಹೀಗೆ ಯಾರೂ ನಗುತ್ತ ಹೇಳಿಕೊಳ್ಳುವದಿಲ್ಲ. ಸಮಾಧಾನಕ್ಕೆಂದು ಆಡಿದ ಈ ಮಾತನ್ನು ಮಗುವು ತನ್ನ ಹಣೆಬರಹವೆಂದು ಕೇಳಿಸಿಕೊಳ್ಳುವದು. ಅದರ ಬದಲು ಸಂತೆಯ ಚೀಲವನ್ನು ಮಗುವಿನ ಮುಂದೆ ಬಿಚ್ಚಿ, ಚಿಲ್ಲರೆಯನ್ನು ಅದರ ಕೈಯಿಂದಲೇ ಎಣಿಸಿಕೊಂಡರೆ ಅದೇ ದೊಡ್ಡ ಪಾಠ.

ಮಳಖೇಡದ ಕೋಟೆಯ ಗೋಡೆಗಳು ಇಂದು ಕಾಗಿಣಾ ನದಿಯ ದಂಡೆಯಲ್ಲಿ ಕುಸಿದು ನಿಂತಿರುವವು. ಅಲ್ಲಿ ಹೊಗಳಿಸಿಕೊಂಡ ದೊರೆಯೂ ಹೊಗಳಿದ ಆಚಾರ್ಯನೂ ಹೋದರು. ಆದರೆ ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಇಂದಿಗೂ ಎಂಟು ಒಂದುಗಳು ಸಾಲಾಗಿ ನಿಲ್ಲುವವು. ಜೇವರ್ಗಿಯ ಹಳ್ಳಿಯೊಂದರ ಶಾಲೆಯಲ್ಲಿ ಒಬ್ಬ ಶಿಕ್ಷಕಿಯು ಆ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಕೊನೆಯ ಸಾಲು ಬಂದಾಗ ತಾನೇ ಮೊದಲು ನಕ್ಕರೆ, ಮಕ್ಕಳು ಆಕೆಯ ಹಿಂದೆಯೇ ನಗುವರು. ಅಂಜಿಕೆಯು ಯಾವ ದಾರಿಯಿಂದ ಇಳಿದು ಬಂದಿತೋ, ಧೈರ್ಯವೂ ಅದೇ ದಾರಿಯಿಂದ ಇಳಿದು ಬರುವದು.